ಅಹವಾಲು ಕೇಳೋಣವಾಗಲಿ

ನಮ್ಮ ಮನೆಯಲ್ಲೊಂದು ಹಳೆಯ ವ್ಯಾಜ್ಯವಿದೆ. ಹದಿನೈದು ವರ್ಷದ ಹಿಂದೆ ಹಿತ್ತಿಲ ಹಲಸಿನ ಮರ ಕಡಿಸಿದವನು ನಾನು. “ನನ್ನನ್ನೊಂದು ಮಾತು ಕೇಳಿದ್ರಾ?” ಎಂದು ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಕೇಳಿದ್ದೆ. ಮರ ಕೊಯ್ಯುವವರು ಹಗ್ಗ, ಗರಗಸ ಇಳಿಸಿ ಅಂಗಳದಲ್ಲಿ ಕವಳ ಹಾಕುತ್ತ ಕೂತಿದ್ದಾಗ ಒಳಗೆ ಹೋಗಿ “ಹಲಸು ತೆಗೆಸೋಣ, ಅಲ್ವಾ?” ಅಂದಿದ್ದೆ. ಬೇಡ ಎನ್ನುವುದಕ್ಕೆ ಅವಳು ಆರು ಕಾರಣ ಕೊಟ್ಟಳು. ಆರನ್ನೂ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡೆ. ಹೊರಗೆ ಬಂದು “ಶುರು ಮಾಡ್ರಪ್ಪ” ಅಂದೆ. ಕೇಳಿದ್ದೇನೆ ಎಂಬುದು ನನ್ನ ವಾದ, ಕೇಳಲಿಲ್ಲ ಎಂಬುದು ಅವಳದು. ಕನ್ನಡ ಭಾಷೆ ಇರುವ ತನಕ ಈ ಕೇಸು ಇತ್ಯರ್ಥವಾಗುವುದಿಲ್ಲ.

ಯಾಕೆಂದರೆ ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಶಬ್ದಕ್ಕೆ ಮೂರು ಹೊರೆ. ಪ್ರಶ್ನೆ ಹಾಕುವುದೂ ಕೇಳುವುದೇ. ಹಾಡಿಗೆ ಕಿವಿಗೊಡುವುದೂ ಕೇಳುವುದೇ. “ಹೇಳಿದ ಮಾತು ಕೇಳು” ಎಂದು ಅಪ್ಪ ಗದರಿಸಿದರೆ, ಅದರಂತೆ ನಡೆದುಕೊ ಎಂದು ಅರ್ಥ. ಮೊದಲಿನ ಎರಡು ಕೇಳುವಿಕೆಯನ್ನು ಸರ್ಕಾರ ತಾನು ಇಟ್ಟುಕೊಂಡಿದೆ. ಮೂರನೆಯದನ್ನು ಪ್ರಜೆಗಳಿಗೆ ಬಿಟ್ಟುಕೊಟ್ಟಿದೆ. ಈ ಹಂಚಿಕೆ ವರ್ಷಗಳಿಂದ ಸುಸೂತ್ರವಾಗಿ ನಡೆದು ಬಂದಿದೆ.

ಹಲಸಿನ ಮರದ ವಿಷಯದಲ್ಲಿ ನಾನು ಅನುಸರಿಸಿದ ವಿಧಾನಕ್ಕೆ ಗೆಜೆಟ್ಟಿನಲ್ಲಿ ಅಚ್ಚಾದ ಹೆಸರೊಂದಿದೆ ಎಂದು ಆಮೇಲೆ ತಿಳಿಯಿತು. ಪತ್ರಿಕೆಯವರು ಅದಕ್ಕೆ ಅಹವಾಲು ಸಭೆ ಎನ್ನುತ್ತಾರೆ. ಅಹವಾಲು ಅರಬ್ಬಿಯಿಂದ ಪಾರ್ಸಿ ದರ್ಬಾರುಗಳನ್ನು ಹಾದು ನಮ್ಮಲ್ಲಿಗೆ ಬಂದ ಶಬ್ದ. ಸ್ಥಿತಿಗತಿ ಎಂದು ಅದರ ಮೂಲಾರ್ಥ. ಅಂದರೆ ನಿಮ್ಮ ಸ್ಥಿತಿ ಹೇಗಿದೆ ಹೇಳಿ, ಗತಿ ಏನೆಂಬುದನ್ನು ನಾವು ನೋಡಿಕೊಳ್ಳುತ್ತೇವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಟಣೆಗಳಲ್ಲಿ ಇನ್ನೂ ಮುತುವರ್ಜಿಯ ಪದವಿದೆ: ‘ಸಾರ್ವಜನಿಕ ಆಲಿಕೆ ಸಭೆ’. ಈ ‘ಆಲಿಕೆ’ಯನ್ನು ಟಂಕಿಸಿದವರಿಗೆ ನಾನು ದೂರದಿಂದಲೇ ಕೈಮುಗಿಯುತ್ತೇನೆ. ಆಲಿಸುವುದೆಂದರೆ ಆಲಿಸುವುದಷ್ಟೆ. ಆಕಾಶವಾಣಿಯ ಭಾವಗೀತೆಯನ್ನು ಆಲಿಸಿದವನು ಅದರಂತೆ ನಡೆದುಕೊಳ್ಳಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ.

ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮುನ್ನ ಜನರನ್ನು ಕೇಳುವ ಈ ಸಭೆಯ ಶಾಸ್ತ್ರಗ್ರಂಥ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆ. 1994ರಲ್ಲಿ ಇದರ ಅಣ್ಣ ಹುಟ್ಟಿದ್ದ. ಅವನಿಗೆ 1997ರಲ್ಲಿ ಅಹವಾಲು ಸಭೆ ಎಂಬ ಕಿವಿ ಚುಚ್ಚಿದರು. ತಮ್ಮನ ಕಾಲಕ್ಕೆ ವಿಧಿವಿಧಾನಗಳೆಲ್ಲ ಪಕ್ಕಾ ಆದವು. ಮೂವತ್ತು ದಿನ ಮೊದಲೇ ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಪ್ರಾದೇಶಿಕ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕಡಿಮೆಯಲ್ಲದ ದರ್ಜೆಯವರು ಅಧ್ಯಕ್ಷತೆ ವಹಿಸಬೇಕು. ಇಡೀ ಸಭೆಯ ವಿಡಿಯೊ ಆಗಬೇಕು. ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಿ ಅದೇ ದಿನ ಸಹಿ ಹಾಕಬೇಕು. ಲಗ್ನಪತ್ರಿಕೆ, ಪುರೋಹಿತರು, ವಿಡಿಯೊ, ಸಹಿ ಎಲ್ಲವೂ ಇರುವ ಮದುವೆ ಇದು. ಹೆಣ್ಣು ‘ಒಲ್ಲೆ’ ಅಂದರೆ ಮುಂದೇನು ಎಂಬ ಪುಟವೊಂದು ಮಾತ್ರ ಇಲ್ಲ.

ಗ್ರಂಥದಲ್ಲಿ ನನಗೆ ಅತ್ಯಂತ ಪ್ರಿಯವಾದ ಸೂತ್ರಗಳು ಎರಡು. ಒಂದು, ಸಭೆ ಶುರುಮಾಡಲು ಕೋರಂ ಬೇಕಿಲ್ಲ. ನಮ್ಮೂರ ಹಾಲಿನ ಸೊಸೈಟಿಯ ವಾರ್ಷಿಕ ಸಭೆಗೆ ಕೋರಂ ಬೇಕು. ಬರದಿದ್ದರೆ ಮುಂದೂಡಿ, ಚಹಾ ಕುಡಿದು ಮತ್ತೆ ಸೇರುತ್ತೇವೆ. ನದಿಯನ್ನು ತಿರುಗಿಸುವ ಸಭೆಗೆ ಆ ರಗಳೆ ಇಲ್ಲ. ಎರಡನೆಯದು ಇನ್ನೂ ಸೊಗಸು. ಸ್ಥಳೀಯ ಪರಿಸ್ಥಿತಿಯಿಂದಾಗಿ ಜನ ಮುಕ್ತವಾಗಿ ಅಭಿಪ್ರಾಯ ಹೇಳುವ ವಾತಾವರಣ ಇಲ್ಲವೆಂದು ವರದಿ ಬಂದರೆ ಏನು ಮಾಡಬೇಕು? ವಾತಾವರಣ ಸರಿಪಡಿಸಬೇಕು ಎಂದುಕೊಂಡಿರಿ ತಾನೆ? ನಿಮಗೆ ಆಡಳಿತದ ಅನುಭವ ಸಾಲದು. ಅಹವಾಲು ಸಭೆಯನ್ನೇ ಕೈಬಿಡಬಹುದು ಎನ್ನುತ್ತದೆ ಅಧಿಸೂಚನೆ. ರೋಗಿ ನಾಲಿಗೆ ಚಾಚದಿದ್ದರೆ ನಾಲಿಗೆ ಸರಿಯಿದೆ ಎಂದು ಚೀಟಿ ಬರೆಯುವ ವೈದ್ಯಪದ್ಧತಿ.

ಇನ್ನು ಕಟ್ಟಡ ನಿರ್ಮಾಣ ಯೋಜನೆಗಳಿಗೆ ಈ ಶಾಸ್ತ್ರವೇ ಬೇಕಾಗಿಲ್ಲ. ರಕ್ಷಣೆಗೆ ಸಂಬಂಧಿಸಿದವಕ್ಕೆ, ‘ವ್ಯೂಹಾತ್ಮಕ’ ಎಂದು ಕರೆಸಿಕೊಂಡವಕ್ಕೆ ಬೇಕಿಲ್ಲ. ಯಾವುದು ವ್ಯೂಹಾತ್ಮಕ ಎಂದು ಕೇಳಬೇಡಿ. ಅದನ್ನು ಹೇಳಿದರೆ ವ್ಯೂಹ ಒಡೆಯುತ್ತದೆ.

*

ನಾನು ಹೋಗಿದ್ದ ಮೊದಲ ಸಭೆಯ ಊರು, ಯೋಜನೆಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು ‘ಇದು ನಮ್ಮೂರಿನದೇ, ಹೆಸರು ತಪ್ಪಾಗಿ ಹಾಕಿದ್ದಾರೆ’ ಎಂದು ಪತ್ರ ಬರೆಯುತ್ತಾರೆ.

ಬೆಳಿಗ್ಗೆ ಹತ್ತೂವರೆ ಅಂದಿದ್ದರು. ಶಾಲೆಯ ಮೈದಾನದಲ್ಲಿ ಶಾಮಿಯಾನ. ವೇದಿಕೆಯ ಮೇಲೆ ಬಿಳಿ ಟರ್ಕಿ ಟವೆಲ್ ಹೊದಿಸಿದ ಐದು ಕುರ್ಚಿ, ಎದುರಿಗೆ ನೀರಿನ ಬಾಟಲಿ, ಒಂದು ಹೂವಿನ ಕುಂಡ. ಕೆಳಗೆ ಬ್ಯಾರಿಕೇಡು. ಬ್ಯಾರಿಕೇಡಿನಾಚೆ ಪೊಲೀಸರು, ಪೊಲೀಸರ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳು, ಕುರ್ಚಿಗಳ ಹಿಂದೆ ಉಪ್ಪಿಟ್ಟು. ಮೊದಲ ನಾಲ್ಕು ಸಾಲಿನಲ್ಲಿ ಆಗಲೇ ಯಾರೋ ಕೂತಿದ್ದರು, ಎಲ್ಲರ ತಲೆಯ ಮೇಲೂ ಒಂದೇ ಬಣ್ಣದ ಟೋಪಿ. ಎಲ್ಲಿಂದ ಬಂದವರೆಂದು ಕೇಳಿದೆ. “ಬಸ್ಸಿಂದ” ಅಂದರು. ಸುಳ್ಳಲ್ಲ.

ಅಧ್ಯಯನ ವರದಿ ಇಂಗ್ಲಿಷಿನಲ್ಲಿ, ಏಳುನೂರು ಚಿಲ್ಲರೆ ಪುಟ. ಅದನ್ನು ಓದಬೇಕೆಂದರೆ ಜಿಲ್ಲಾಧಿಕಾರಿ ಕಚೇರಿಗೆ ಹೋಗಬಹುದಿತ್ತು. ಬಸ್ ಚಾರ್ಜು ನಮ್ಮದು, ಕುರ್ಚಿ ಖಾಲಿಯಿದ್ದರೆ ಅವರದು. ಕನ್ನಡದಲ್ಲಿ ಸಾರಾಂಶವಿತ್ತು. ಅದು ಯಾವ ಕನ್ನಡವೆಂದರೆ, ಓದಿದ ಮೇಲೆ ಇಂಗ್ಲಿಷೇ ಸಲೀಸು ಅನ್ನಿಸುವ ಕನ್ನಡ. ‘ಯೋಜನಾ ಪ್ರತಿಪಾದಕರು ಪ್ರಭಾವ ಬೀರುವ ಪ್ರತಿಕೂಲಗಳ ಉಪಶಮನ ಕ್ರಮಗಳನ್ನು ಅಳವಡಿಸತಕ್ಕದ್ದು.’ ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಇದನ್ನು ಮೂರು ಸಲ ಓದಿ, “ಇದರಲ್ಲಿ ನಮ್ಮ ತೋಟ ಎಲ್ಲಿದೆ?” ಅಂದರು. ‘ಪ್ರತಿಕೂಲ’ದೊಳಗೆ ಇದ್ದಿರಬೇಕು.

ವರದಿ ಬರೆಯುವವರಿಗೆ ಸಂಬಳ ಕೊಡುವವರು ಯಾರು ಎಂದು ಸಭೆಯಲ್ಲಿ ಒಬ್ಬ ಹುಡುಗ ಎದ್ದು ಕೇಳಿದ. ಯೋಜನೆ ಮಾಡುವವರೇ, ಕಾಯಿದೆ ಇರುವುದೇ ಹಾಗೆ. ಗಂಡಿನ ಕಡೆಯವರೇ ಜೋಯಿಸರಿಗೆ ದಕ್ಷಿಣೆ ಕೊಟ್ಟು ಹುಡುಗಿಯ ಮನೆಗೆ ಜಾತಕಫಲ ಕಳಿಸಿಕೊಡುವ ಏರ್ಪಾಡು. ಇಂಥ ಜಾತಕಗಳಲ್ಲಿ ಆಗಾಗ ಬೇರೆಯವರ ಗ್ರಹಗತಿ ಬಂದು ಕೂರುವುದೂ ಉಂಟು. ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯಾದ ಗಣಿಯೊಂದರ ವರದಿಯ ಪ್ಯಾರಾಗಳು ಇದ್ದ ಹಾಗೇ ಸಿಕ್ಕಿದ್ದವು. ಬೆಂಗಳೂರಿನ ಸುರಂಗ ರಸ್ತೆಯ ವಿಸ್ತೃತ ವರದಿಯಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್‌ಗಳು ಕಾಣಿಸಿಕೊಂಡಿದ್ದವು. ನಕಲು ಎಂದು ಜನ ನಕ್ಕರು. ನನಗೆ ಮಾತ್ರ ಅದರಲ್ಲಿ ರಾಷ್ಟ್ರೀಯ ಭಾವೈಕ್ಯ ಕಂಡಿತು.

ಮಾತಾಡುವವರು ಹೆಸರು, ಊರು ಹೇಳಿ ಮಾತಾಡಬೇಕು. ಎರಡು ನಿಮಿಷ. “ವಿಷಯಕ್ಕೆ ಬನ್ನಿ.” “ಇದನ್ನು ಆಗಲೇ ಒಬ್ಬರು ಹೇಳಿದ್ದಾರೆ, ಹೊಸದೇನಾದರೂ ಇದ್ದರೆ ಹೇಳಿ.” ಮನೆ ಮುಳುಗುತ್ತದೆ ಎಂದು ನಲವತ್ತು ಮನೆಯವರು ಹೇಳಹೊರಟರೆ ಅದು ಪುನರಾವರ್ತನೆ, ಅಧಿಕಾರಿಗಳಿಗೆ ಬೇಸರ ಬರುವುದು ಸಹಜ. ನಾವೇ ಮುಂಚೆ ಕೂತು, ಒಬ್ಬರ ಮನೆ ಮುಳುಗುವುದು, ಒಬ್ಬರದು ಕುಸಿಯುವುದು, ಒಬ್ಬರದು ಸುಟ್ಟುಹೋಗುವುದು ಎಂದು ಹಂಚಿಕೊಳ್ಳಬೇಕಿತ್ತು.

ಊಟದ ಹೊತ್ತಿಗೆ ಶಾಮಿಯಾನದವನ ಪರಿಚಯವಾಯಿತು. ಜಿಲ್ಲೆಯಲ್ಲಿ ಹತ್ತಾರು ಅಹವಾಲಿಗೆ ಕಂಬ ನೆಟ್ಟವನು. ಅವನಷ್ಟು ತಿಳಿದವರು ಆ ಮೈದಾನದಲ್ಲಿ ಇನ್ನೊಬ್ಬರಿರಲಿಲ್ಲ. “ಮದುವೆಗೆ ಕುರ್ಚಿ ಲೆಕ್ಕ ಸಿಗ್ತದೆ ಸಾರ್, ತಿಥಿಗೂ ಸಿಗ್ತದೆ. ಇದಕ್ಕೆ ಸಿಗಾದಿಲ್ಲ. ಅವ್ರು ನೂರು ಸಾಕು ಅಂತಾರೆ, ಬರಾದು ಸಾವಿರ. ನಾನು ಅದ್ಕೇ ಊರಿನವ್ರಿಗೇ ಫೋನ್ ಮಾಡಿ ಕೇಳಿಬಿಡ್ತೀನಿ.” ಆಮೇಲೆ ದನಿ ತಗ್ಗಿಸಿ ಒಂದು ಗುಟ್ಟು ಹೇಳಿದ. ಈ ಸಭೆಯ ಜತೆಗೇ ಗುದ್ದಲಿ ಪೂಜೆಯ ಶಾಮಿಯಾನಕ್ಕೂ ದರ ವಿಚಾರಿಸಿದ್ದರಂತೆ. ಎರಡೂ ಒಟ್ಟಿಗೆ ಹೇಳಿದರೆ ಎಷ್ಟು ಬಿಡುತ್ತೀ ಎಂದು. ಸಾರ್ವಜನಿಕ ಹಣದ ಬಗ್ಗೆ ಅಷ್ಟು ಕಾಳಜಿ ಇರುವವರನ್ನು ನಾನು ಕಂಡಿಲ್ಲ.

*

ಹೆಸರಿರುವ ಸಭೆಯ ಮಾತಿಗೆ ಬರೋಣ. 2025ರ ಸೆಪ್ಟೆಂಬರಿನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಎರಡು ಅಹವಾಲು ಸಭೆ ನಡೆದವು. ಘಟ್ಟದ ಮೇಲೆ ಸಾಗರ ತಾಲ್ಲೂಕಿನ ಕಾರ್ಗಲ್‌ನಲ್ಲಿ ಒಂದು, ಕೆಳಗೆ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ಇನ್ನೊಂದು. ಎರಡರ ನಡುವೆ ಸಿಂಗಳೀಕಗಳ ಅಭಯಾರಣ್ಯ. ಅವುಗಳಿಗೆ ಪ್ರತ್ಯೇಕ ಸಭೆ ಇರಲಿಲ್ಲ. ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ವಿದ್ಯುತ್ ತೆಗೆಯುವುದು. ಇದು ಕರ್ನಾಟಕ ವಿದ್ಯುತ್ ನಿಗಮದ ಯೋಜನೆ. ರಾಜ್ಯದ ವನ್ಯಜೀವಿ ಮಂಡಳಿ ಸಭೆಗೆ ಮೊದಲೇ ಹೂಂ ಅಂದಿತ್ತು. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕವಾಗಿ ಹೂಂ ಅಂದಿತ್ತು. ಕಾಮಗಾರಿಯ ಟೆಂಡರೂ ಆಗಿತ್ತು. ಆಮೇಲೆ, ಎಲ್ಲ ಬಡಿಸಿ ಮುಗಿದ ಮೇಲೆ ಉಪ್ಪಿನಕಾಯಿ ತರುವ ಹಾಗೆ, ಜನರನ್ನು ಕೇಳಿದರು. ಬಂದವರಲ್ಲಿ ಬಹುಪಾಲು ಮಂದಿ ಬೇಡವೆಂದರು.

ಈ ಎರಡೂ ತಾಲ್ಲೂಕಿನ ಜನರಿಗೆ ಇದರ ವಿಧಾನ ಹೊಸದಲ್ಲ. ಅವರು ತಾಳಮದ್ದಲೆ ಕೇಳಿ ಬೆಳೆದವರು. ಕೃಷ್ಣ ಸಂಧಾನದಲ್ಲಿ ಕೌರವನ ಅರ್ಥ ಹೇಳುವವರು ಪ್ರಚಂಡರಾಗಿದ್ದರೆ ಕೃಷ್ಣನೂ ಮಾತು ಸಿಗದೆ ತಡಬಡಾಯಿಸುವುದುಂಟು. ಒಂದೂವರೆ ಗಂಟೆ ವಾದ ನಡೆದು ಕೌರವನೇ ಗೆದ್ದ ಎಂದು ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ, ಯುದ್ಧ ಆಗಿಯೇ ಆಗುತ್ತದೆ, ತೊಡೆ ಮುರಿದೇ ಮುರಿಯುತ್ತದೆ. ಪ್ರಸಂಗ ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ. “ಏನು ಮಾತು ಮಾರಾಯಾ!” ಎಂದು ಮೆಚ್ಚುತ್ತ ಬೆಳಗಿನ ಜಾವ ಜನ ಟಾರ್ಚು ಹಾಕಿಕೊಂಡು ಮನೆಗೆ ಹೋಗುತ್ತಾರೆ. ಅಹವಾಲು ಸಭೆಯಲ್ಲಿ ಭಾಗವತರ ಪದ್ಯ ಇಂಗ್ಲಿಷಿನಲ್ಲಿರುತ್ತದೆ ಅನ್ನುವುದೊಂದೇ ವ್ಯತ್ಯಾಸ.

ಆದರೆ ಯೋಜನೆಯನ್ನು ಇನ್ನೊಮ್ಮೆ ಓದಿದಾಗ ನನಗೆ ಅದಕ್ಕಿಂತ ಒಳ್ಳೆಯ ಹೋಲಿಕೆ ಸಿಕ್ಕಿತು. ಅಹವಾಲು ಸಭೆಯೇ ಒಂದು ಪಂಪ್ಡ್ ಸ್ಟೋರೇಜ್! ಕಣಿವೆಯಲ್ಲಿರುವ ಜನರ ಮಾತನ್ನು ಸುರಂಗದ ಮೂಲಕ ಮೇಲಕ್ಕೆ ಎತ್ತಲಾಗುತ್ತದೆ. ಕಾರ್ಗಲ್‌ನಿಂದ ಶಿವಮೊಗ್ಗಕ್ಕೆ, ಶಿವಮೊಗ್ಗದಿಂದ ಬೆಂಗಳೂರಿಗೆ, ಅಲ್ಲಿಂದ ದೆಹಲಿಯ ತಜ್ಞರ ಸಮಿತಿಯ ಜಲಾಶಯಕ್ಕೆ. ಅಲ್ಲಿ ಶಾಂತವಾಗಿ ನಿಲ್ಲುತ್ತದೆ. ಅಗತ್ಯ ಬಿದ್ದಾಗ ಗೇಟು ತೆಗೆದರೆ ಅದೇ ಮಾತು ಷರತ್ತುಬದ್ಧ ಅನುಮತಿಯ ರೂಪದಲ್ಲಿ ಭೋರ್ಗರೆಯುತ್ತ ಕೆಳಗಿಳಿಯುತ್ತದೆ. ಪಂಪ್ಡ್ ಸ್ಟೋರೇಜಿನಲ್ಲಿ ನೂರು ಯೂನಿಟ್ ಸುರಿದರೆ ಎಪ್ಪತ್ತೈದೋ ಎಂಬತ್ತೋ ವಾಪಸು ಬರುತ್ತದೆ. ಉಳಿದದ್ದು ದಾರಿಯಲ್ಲಿ ನಷ್ಟ. ಅಹವಾಲಿನಲ್ಲಿ ಎಷ್ಟು ವಾಪಸು ಬರುತ್ತದೆ ಎಂದು ಯಾರೂ ಮೀಟರು ಕೂರಿಸಿಲ್ಲ.

ಇಂಜಿನಿಯರುಗಳು ಹೇಳುವುದು ಪೂರ್ತಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಹಗಲು ಬಿಸಿಲಿನ ವಿದ್ಯುತ್ ಹೆಚ್ಚಾಗಿ ಉಳಿಯುತ್ತದೆ, ಸಂಜೆ ಏಳಕ್ಕೆ ಎಲ್ಲರ ಮನೆಯ ಟಿವಿ, ಮಿಕ್ಸಿ, ಗೀಸರ್ ಒಟ್ಟಿಗೆ ಎದ್ದುಕೂರುತ್ತವೆ. ಉಳಿದದ್ದನ್ನು ಎಲ್ಲಾದರೂ ಕೂಡಿಡಬೇಕು. ಇದು ಕೂತು ಮಾತಾಡಬಹುದಾದ ವಿಷಯ. ನೀರಿನ ಬದಲು ಬ್ಯಾಟರಿ ಆಗುತ್ತದೋ, ಇಲ್ಲಿ ಬಿಟ್ಟು ಬೇರೆಲ್ಲಿ ಆಗುತ್ತದೋ, ಖರ್ಚೆಷ್ಟು, ಕಾಡೆಷ್ಟು ಎಂದು ಹತ್ತು ವರ್ಷದ ಹಿಂದೆ ಜಗುಲಿಯಲ್ಲಿ ಚಾಪೆ ಹಾಸಿ ಕೇಳಿದ್ದರೆ ಮಲೆನಾಡಿಗರು ಎಂಟು ದಿನ ಬಿಡದೆ ಚರ್ಚೆ ಮಾಡುತ್ತಿದ್ದರು. ಆ ಪ್ರಶ್ನೆಗಳನ್ನೆಲ್ಲ ತಾವೇ ಕೇಳಿಕೊಂಡು ತಾವೇ ಉತ್ತರಿಸಿಕೊಂಡ ಮೇಲೆ, ಉಳಿದ ಒಂದೇ ಪ್ರಶ್ನೆಯನ್ನು ಶಾಮಿಯಾನದೊಳಗೆ ತಂದರು: ‘ನಿಮಗೆ ಪರಿಹಾರ ಎಷ್ಟು ಬೇಕು?’

ಈ ಕಣಿವೆಗೆ ಪ್ರಶ್ನೆಯೇ ಇಲ್ಲದ ಕಾಲವೂ ಗೊತ್ತು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅಧಿಸೂಚನೆ, ಆಲಿಕೆ ಒಂದೂ ಇರಲಿಲ್ಲ. ನೀರು ಬಂತು, ಜನ ಎದ್ದರು. ಅವರಲ್ಲಿ ಎಷ್ಟೋ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ತಾವು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ. ಅಂಥ ಮನೆಯ ಮುದುಕರೊಬ್ಬರು ಒಮ್ಮೆ ನನಗೆ ಹೇಳಿದ್ದು ನೆನಪಾಗುತ್ತದೆ: “ಆವಾಗ ಕೇಳ್ದೇ ಮುಳುಗ್ಸಿದ್ರು. ಈವಾಗ ಕೇಳಿ ಮುಳುಗಸ್ತಾರೆ. ಸುಧಾರಣೆ ಆಗದೆ ತಮಾ.”

*

‘ಹೊರಗಿನವರು’ ಎಂಬ ಪಾತ್ರಧಾರಿಗಳ ಬಗ್ಗೆ ಹೇಳದಿದ್ದರೆ ಪ್ರಸಂಗ ಕುಂಟುತ್ತದೆ. ಸಭೆಯಲ್ಲಿ ಬೆಂಗಳೂರಿನ ವಿಜ್ಞಾನಿಯೊಬ್ಬರು ಮೈಕು ಹಿಡಿದರೆ ಕೂಡಲೇ ಟೋಪಿಯ ಸಾಲಿನಿಂದ ‘ಹೊರಗಿನವರು ಬೇಡ’ ಎಂಬ ಕೂಗು ಏಳುತ್ತದೆ. ನ್ಯಾಯವೇ. ಕಂಪನಿ ಯಾವುದೋ ರಾಜ್ಯದ್ದು, ಯಂತ್ರ ಯಾವುದೋ ದೇಶದ್ದು, ಸಾಲ ಯಾವುದೋ ಬ್ಯಾಂಕಿನದು, ವಿದ್ಯುತ್ ಹೋಗುವುದು ಬೆಂಗಳೂರಿಗೆ. ಇವರೆಲ್ಲ ಒಳಗಿನವರಾದ ಮೇಲೆ ಹೊರಗಿನವರೆಂದು ಯಾರಾದರೂ ಒಬ್ಬರು ಬೇಡವೇ? ಸ್ಥಳೀಯರು ಮಾತಾಡಿದರೆ ‘ನಿಮಗೆ ತಾಂತ್ರಿಕ ವಿಷಯ ಗೊತ್ತಿಲ್ಲ’. ತಾಂತ್ರಿಕ ವಿಷಯ ಗೊತ್ತಿದ್ದವರು ಮಾತಾಡಿದರೆ ‘ನೀವು ಸ್ಥಳೀಯರಲ್ಲ’. ಸ್ಥಳೀಯನಾಗಿಯೂ ತಾಂತ್ರಿಕ ವಿಷಯ ಬಲ್ಲವನೊಬ್ಬ ಸಿಕ್ಕಿಬಿಟ್ಟರೆ ಅವನನ್ನು ‘ರಾಜಕೀಯ ಮಾಡಬೇಡಿ’ ವಿಭಾಗಕ್ಕೆ ವರ್ಗಾಯಿಸುತ್ತಾರೆ.

ಇಂಥವರಿಗೆ ಸರ್ಕಾರ ಹೆದರುವುದಕ್ಕೆ ಕಾರಣವಿದೆ. 1981ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರು ಒಂದು ಅಧಿಕಪ್ರಸಂಗ ಮಾಡಿದ್ದರು. ಬೇಡ್ತಿ ನದಿಗೆ ಅಣೆಕಟ್ಟು ಬರುತ್ತದೆಂದಾಗ, ಅಹವಾಲು ಸಲ್ಲಿಸುವ ಬದಲು ತಾವೇ ವಿಚಾರ ಸಂಕಿರಣ ಕರೆದರು. ಅಡಿಕೆ ಮಾರುವ ಸಹಕಾರಿ ಸಂಘದವರು ವಿಜ್ಞಾನಿಗಳನ್ನು, ಅರ್ಥಶಾಸ್ತ್ರಜ್ಞರನ್ನು ಕೂರಿಸಿ ಯೋಜನೆಯ ಲಾಭ ನಷ್ಟದ ಲೆಕ್ಕವನ್ನು ತೂಕಕ್ಕೆ ಹಾಕಿಸಿದರು. ಅಡಿಕೆ ತೂಗಿ ಅಭ್ಯಾಸವಿದ್ದ ಜನ, ತಕ್ಕಡಿಯ ಕೆಳಗೆ ಅಂಟಿಸಿದ ಹುಣಸೆಹಣ್ಣು ಅವರ ಕಣ್ಣಿಗೆ ಬೇಗ ಬಿತ್ತು. ಯೋಜನೆ ನಿಂತಿತು. ಆ ಸಂಕಿರಣಕ್ಕೆ ಕಾಯಿದೆಯ ಆಧಾರ ಇರಲಿಲ್ಲ, ಜಿಲ್ಲಾಧಿಕಾರಿಯ ಅಧ್ಯಕ್ಷತೆ ಇರಲಿಲ್ಲ. ಅದಕ್ಕೇ ಕೆಲಸ ಮಾಡಿತೇನೊ.

ಒಡಿಶಾದಲ್ಲಿ ಇದಕ್ಕಿಂತ ದೊಡ್ಡ ಅಚಾತುರ್ಯ ನಡೆಯಿತು. ನಿಯಮಗಿರಿ ಬೆಟ್ಟದ ಬಾಕ್ಸೈಟ್ ತೆಗೆಯಬೇಕೋ ಬೇಡವೋ ಎಂದು ಗ್ರಾಮಸಭೆಗಳನ್ನೇ ಕೇಳಿ ಎಂದು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಅಲ್ಲಿಯೂ ಸರ್ಕಾರ ಬುದ್ಧಿವಂತಿಕೆಯಿಂದ ಹನ್ನೆರಡೇ ಹಳ್ಳಿ ಆರಿಸಿತು. ಡೋಂಗ್ರಿಯಾ ಕೊಂಧ್ ಆದಿವಾಸಿಗಳು ಮಳೆಯಲ್ಲಿ ನಡೆದುಬಂದು ಒಂದೊಂದಾಗಿ ಹನ್ನೆರಡಕ್ಕೆ ಹನ್ನೆರಡೂ ಸಭೆಯಲ್ಲಿ ‘ಬೇಡ’ ಅಂದರು. ಕೇಂದ್ರ ಅನುಮತಿ ನಿರಾಕರಿಸಬೇಕಾಯಿತು. ಆಲಿಸುವುದಕ್ಕೂ ಒಪ್ಪಿಗೆ ಪಡೆಯುವುದಕ್ಕೂ ವ್ಯತ್ಯಾಸ ತಿಳಿಯದೆ ಮುಂದುವರಿದರೆ ಹೀಗೇ ಆಗುವುದು. ಅಧಿಕಾರಿಗಳ ತರಬೇತಿಯಲ್ಲಿ ಇದನ್ನು ಅಪಘಾತಗಳ ಅಧ್ಯಾಯದಲ್ಲಿ ಕಲಿಸಬೇಕು.

ಬೆಂಗಳೂರಿನವರು ಮಲೆನಾಡಿಗರಿಗಿಂತ ಮುಂದಿದ್ದಾರೆ, ಅವರಿಗೆ ಶಾಮಿಯಾನವೂ ಬೇಡ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ, 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, ಎಂಟುನೂರು ಮರ. ಅಭಿವೃದ್ಧಿ ಪ್ರಾಧಿಕಾರ ಇಮೇಲಿನಲ್ಲಿ ಅಭಿಪ್ರಾಯ ಕೇಳಿ, ಪ್ರತಿಕ್ರಿಯಿಸಿದವರಲ್ಲಿ ಶೇ. 73 ಮಂದಿ ಪರ ಎಂದು ಹೇಳಿತು. ಹಾಗೆ ಪ್ರತಿಕ್ರಿಯಿಸಿದವರು ಕೆಲವೇ ನೂರು ಮಂದಿ, ಊರಿನ ಜನಸಂಖ್ಯೆ ಕೋಟಿಯ ಹತ್ತಿರ. ಆದರೆ ಶೇಕಡಾವಾರಿಗೆ ಜನಸಂಖ್ಯೆಯ ಹಂಗಿಲ್ಲ. ಆ ಅಕ್ಟೋಬರಿನ ಒಂದು ಭಾನುವಾರ ಉಳಿದ ಶೇ. 27 ಮಂದಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ ರಸ್ತೆಬದಿ ಕೈಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸೇತುವೆ ರದ್ದಾಯಿತು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯವರಿಗೆ ಇಷ್ಟು ಸುಲಭವಾಗಿ ಆಗಲಿಲ್ಲ. ಸರ್ಕಾರ ಸ್ವಾಧೀನಕ್ಕೆ ಹೊರಟಿದ್ದ ಹದಿಮೂರು ಹಳ್ಳಿಯ 1,777 ಎಕರೆಯ ಬಗ್ಗೆ ‘ಬೇಡ, ಕೊಡುವುದಿಲ್ಲ’ ಎಂಬ ಎರಡು ಶಬ್ದ ವಿಧಾನಸೌಧಕ್ಕೆ ತಲುಪಲು 2022ರ ಏಪ್ರಿಲ್‌ನಿಂದ 2025ರ ಜುಲೈ ಬೇಕಾಯಿತು. ದೂರ ಸುಮಾರು ನಲವತ್ತು ಕಿಲೋಮೀಟರ್. ಅದು ಬೆಂಗಳೂರಿನ ಟ್ರಾಫಿಕ್ಕಿನ ದೋಷವೂ ಇರಬಹುದು.

ಕೇಳುವ ಗೋಜನ್ನೇ ಹಗುರ ಮಾಡೋಣವೆಂದು 2020ರ ಮಾರ್ಚಿನಲ್ಲಿ ಕೇಂದ್ರ 2006ರ ಅಧಿಸೂಚನೆಯ ಜಾಗಕ್ಕೆ ಹೊಸ ಕರಡು ತಂದಿತು. ಮೂವತ್ತು ದಿನದ ನೋಟಿಸನ್ನು ಇಪ್ಪತ್ತಕ್ಕೆ ಇಳಿಸುವುದು, ಕೆಲಸ ಮೊದಲು ಶುರುಮಾಡಿ ಅನುಮತಿ ಆಮೇಲೆ ಪಡೆಯುವುದು ಮುಂತಾದ ಸೌಕರ್ಯಗಳು ಅದರಲ್ಲಿದ್ದವು. ಆಕ್ಷೇಪಣೆ ಇದ್ದರೆ ಹೇಳಿ ಎಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ ವಾರದಲ್ಲಿ ಕೇಳಿದರು. ಕೇಳಿದ್ದು ಹಿಂದಿ, ಇಂಗ್ಲಿಷಿನಲ್ಲಿ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿದ್ದಕ್ಕೆ, ಅನುವಾದ ಮಾಡಿಸುವ ಬದಲು ಕೇಂದ್ರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಆ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಕೊಟ್ಟವರು ಅದನ್ನು ಎಷ್ಟು ಎತ್ತರದಲ್ಲಿ ಇಟ್ಟಿದ್ದಾರೆಂದರೆ, ಸುತ್ತೋಲೆ ಬರೆಯಲು ಕೆಳಗಿಳಿಸಿದರೆ ಮೈಲಿಗೆ.

ನಮ್ಮ ಕಡೆಯ ತಪ್ಪನ್ನು ಮುಚ್ಚಿಟ್ಟರೆ ಈ ಬರಹವೂ ಸಂಬಳಕ್ಕೆ ಬರೆದ ವರದಿಯಾದೀತು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಪಶ್ಚಿಮ ಘಟ್ಟದ ವರದಿ ಕೊಟ್ಟಾಗ ಅದನ್ನು ಜನರ ಭಾಷೆಗಳಿಗೆ ತಂದು ಗ್ರಾಮಸಭೆಗಳಲ್ಲಿ ಚರ್ಚಿಸಬೇಕೆಂದು ಗಾಡ್ಗೀಳರೇ ಹೇಳುತ್ತಿದ್ದರು. ಸಚಿವಾಲಯ ಅದನ್ನು ಕಪಾಟಿನಲ್ಲಿಟ್ಟಿತು. ಮಾಹಿತಿ ಹಕ್ಕಿನಲ್ಲಿ ಜಗಳವಾಡಿ ಹೊರತೆಗೆಸುವಾಗ 2012 ಆಗಿತ್ತು. ಅಷ್ಟರಲ್ಲಿ ನಮಗೆ ವರದಿಯ ಬದಲು ವರದಿಯ ಗುಮ್ಮ ತಲುಪಿತ್ತು. ದನ ಕಟ್ಟುವ ಹಾಗಿಲ್ಲ, ಹಂಚು ಬದಲಿಸುವ ಹಾಗಿಲ್ಲ ಎಂದು ಯಾರೋ ಹೇಳಿದರು. ನಾವು ಒಂದು ಹಾಳೆಯನ್ನೂ ತಿರುವಿ ನೋಡದೆ ರಸ್ತೆಗಿಳಿದು ಧಿಕ್ಕಾರ ಕೂಗಿದೆವು. ನಾನೂ ಒಂದು ಮೆರವಣಿಗೆಯಲ್ಲಿದ್ದೆ. ಘೋಷಣೆ ಚೆನ್ನಾಗಿತ್ತು, ಪ್ರಾಸವಿತ್ತು. ಆ ಘಟ್ಟವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಲು 2014ರಿಂದ 2024ರ ಜುಲೈವರೆಗೆ ಕೇಂದ್ರ ಕರಡಿನ ಮೇಲೆ ಕರಡು ಹೊರಡಿಸಿ, ಪ್ರತಿ ಸಲವೂ ಅರವತ್ತು ದಿನ ಕೊಟ್ಟು ಆಕ್ಷೇಪಣೆ ಕೇಳಿದೆ. ಕೊನೆಯದು ಆರನೆಯ ಕರಡು. ಘಟ್ಟವನ್ನು ಕಾಯುವುದಕ್ಕೆ ಆರು ಸಲ ಕೇಳುವ ಸರ್ಕಾರಕ್ಕೆ ಅಗೆಯುವುದಕ್ಕೆ ಒಂದೇ ಸಲ ಕೇಳಿದರೆ ಸಾಕಾಗುತ್ತದೆ. ಕಿವಿ ಒಂದೇ ಇರಬೇಕು, ಆದರೆ ಅದನ್ನು ತಿರುಗಿಸಿ ಇಟ್ಟುಕೊಳ್ಳುವ ಅಭ್ಯಾಸವಿದೆ.

*

ನನ್ನ ಮೊದಲ ಸಭೆಯ ಕಥೆ ಅರ್ಧಕ್ಕೆ ಬಿಟ್ಟೆ. ಸಂಜೆ ನಾಲ್ಕರ ಹೊತ್ತಿಗೆ ನನಗೂ ಮೈಕು ಸಿಕ್ಕಿತ್ತು. “ಈ ಹೊಳೆ ಈಗ ಹೇಗೆ ಹರಿಯುತ್ತಿದೆಯೋ ಹಾಗೆಯೇ ಇರಲಿ” ಎಂದು ಹೇಳಿ ಕೂತೆ. ಒಂದೂಕಾಲು ನಿಮಿಷ, ಮುಕ್ಕಾಲು ನಿಮಿಷ ಸರ್ಕಾರಕ್ಕೆ ಉಳಿಸಿಕೊಟ್ಟೆ. ತಿಂಗಳುಗಳ ನಂತರ ಅಂತಿಮ ವರದಿಯ ಅನುಬಂಧದಲ್ಲಿ ನಮ್ಮ ಅಹವಾಲುಗಳ ಪಟ್ಟಿ ಸಿಕ್ಕಿತು. ಎಡಗಡೆ ‘ಸಾರ್ವಜನಿಕರ ಅಭಿಪ್ರಾಯ’, ಬಲಗಡೆ ‘ಯೋಜನಾ ಪ್ರತಿಪಾದಕರ ಉತ್ತರ’. ತೋಟ ಹೋಗುತ್ತದೆ ಎಂದವರ ಎದುರು ‘ಗಮನಿಸಲಾಗಿದೆ’. ಬಾವಿ ಬತ್ತುತ್ತದೆ ಎಂದವರ ಎದುರು ‘ಗಮನಿಸಲಾಗಿದೆ’. ಟೋಪಿಯ ಸಾಲಿನಲ್ಲಿದ್ದವರೊಬ್ಬರು ಯೋಜನೆ ಬೇಗ ಆಗಲಿ ಎಂದದ್ದರ ಎದುರು ‘ಧನ್ಯವಾದಗಳು. ಕ್ರಮ ಕೈಗೊಳ್ಳಲಾಗುವುದು’. ನನ್ನ ಹೆಸರಿನ ಎದುರು ಹೀಗಿತ್ತು: ‘ಇವರು ಹೊಳೆಯ ಬಗ್ಗೆ ಆಸಕ್ತಿ ವ್ಯಕ್ತಪಡಿಸಿದ್ದಾರೆ. ಹೊಳೆಯ ದಂಡೆಯಲ್ಲಿ ಆಸನ ವ್ಯವಸ್ಥೆಯುಳ್ಳ ಉದ್ಯಾನವನ ನಿರ್ಮಿಸಲಾಗುವುದು.’

ಹೆಂಡತಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು. ಯಾಕೆ ಅಷ್ಟು ನಗು ಎಂದು ಕೇಳಲು ಧೈರ್ಯವಾಗಲಿಲ್ಲ. ಹಲಸು ಕಡಿಸಿದ ವರ್ಷ ಅವಳ ಸಮಾಧಾನಕ್ಕೆಂದು ಆ ಜಾಗದಲ್ಲಿ ನಾನು ಒಂದು ಸಿಮೆಂಟಿನ ಬೆಂಚು ಹಾಕಿಸಿದ್ದೆ.

ಮೊನ್ನೆ ಶಾಮಿಯಾನದವನ ಫೋನು ಬಂತು. ಪಕ್ಕದ ಹೋಬಳಿಯಲ್ಲಿ ಮತ್ತೊಂದು ಅಹವಾಲಂತೆ, ಈ ಸಲ ರಸ್ತೆಯೋ ಸುರಂಗವೋ, ಅವನಿಗೂ ಸರಿಯಾಗಿ ಗೊತ್ತಿಲ್ಲ. “ಅವ್ರು ನೂರೈವತ್ತು ಅಂದಾರೆ ಸಾರ್. ನಿಮ್ಮ ಕಡೆಯಿಂದ ಎಷ್ಟು ಜನ ಬರ್ತೀರಿ? ಕೇಳ್ಕೊಂಡು ಲೋಡ್ ಮಾಡ್ತೀನಿ.” ಊರಿನವರ ಲೆಕ್ಕ ಸಂಜೆ ತಿಳಿಸುತ್ತೇನೆ, ನಮ್ಮ ಮನೆಯದು ಎರಡು ಕುರ್ಚಿ ಇರಲಿ ಎಂದು ಹೇಳಿ ಫೋನಿಟ್ಟೆ. ಒಳಗೆ ಹೋಗಿ, “ಬುಧವಾರ ಒಂದು ಸಭೆ ಇದೆ, ನೀನೂ ಬರ್ತೀಯಾ?” ಎಂದು ಕೇಳಿದೆ.

ಅವಳು ಕಿಟಕಿಯಿಂದ ಹಿತ್ತಿಲ ಬೆಂಚಿನ ಕಡೆ ನೋಡಿದಳು.

“ಕುರ್ಚಿ ಹೇಳಿ ಆಯ್ತಲ್ಲ” ಅಂದಳು.